ನಕ್ಷೆಯಲ್ಲಿಲ್ಲದ ತಿಪ್ಪೆ

ನನಗಾಗ ಎಪ್ಪತ್ತೊಂದು. ಇದು ಮೂರು ವರ್ಷದ ಹಿಂದಿನ ಮಾತು. ಎಪ್ಪತ್ತೊಂದು ಅಂದರೆ ಬೈಯುವುದಕ್ಕೆ ಒಳ್ಳೆಯ ವಯಸ್ಸು. ಚಿಕ್ಕ ವಯಸ್ಸಿನಲ್ಲಿ ಬೈದರೆ ಗಯ್ಯಾಳಿ ಅನ್ನುತ್ತಾರೆ. ಎಪ್ಪತ್ತು ದಾಟಿದ ಮೇಲೆ ಯಾರನ್ನು ಏನಂದರೂ "ಅಜ್ಜಿಗೆ ಇನ್ನೂ ಎಷ್ಟು ತ್ರಾಣ ಐತೆ ನೋಡು" ಎಂದು ಹೊಗಳಿ ಹೋಗುತ್ತಾರೆ. ನಾನು ನಮ್ಮೂರಲ್ಲಿ ಎಲ್ಲರನ್ನೂ ಬೈದಿದ್ದೇನೆ. ಪಂಚಾಯ್ತಿ ಮೆಂಬರನ್ನು ಬೈದಿದ್ದೇನೆ, ನಲ್ಲಿಗೆ ನೀರು ಬಿಡುವವನನ್ನು ಬೈದಿದ್ದೇನೆ, ಡೈರಿಯಲ್ಲಿ ಹಾಲಿನ ಡಿಗ್ರಿ ನೋಡುವವನನ್ನಂತೂ ದಿನಕ್ಕೆರಡು ಹೊತ್ತು ಬೈಯುತ್ತೇನೆ. ನನ್ನ ಮಗ ಮಧುಗಿರಿಯಿಂದ ಕೊರಟಗೆರೆಗೆ ಹೋಗುವ ಪ್ರೈವೇಟ್ ಬಸ್ಸಿನ ಕಂಡಕ್ಟರ್. ಅವನನ್ನು ಅವನ ಬಸ್ಸಿನಲ್ಲೇ, ಅವನ ಪ್ಯಾಸೆಂಜರುಗಳ ಮುಂದೆಯೇ ಬೈದು, ಟಿಕೆಟ್ ತೆಗೆದುಕೊಳ್ಳದೆ ಇಳಿದಿದ್ದೇನೆ. ಆದರೆ ಈ ಭೂಮಿಯ ಮೇಲೆ ಒಬ್ಬರನ್ನು ಮಾತ್ರ ನಾನು ಬೈಯುವ ಹಾಗಿಲ್ಲ. ಬೈಯುವುದಿರಲಿ, ಬೇಡ ಅನ್ನುವ ಹಾಗೂ ಇಲ್ಲ, ಎದುರು ನಿಲ್ಲುವ ಹಾಗೂ ಇಲ್ಲ. ಅವರು ನನ್ನ ಅಳಿಯಂದಿರು.

ಈಗಿನ ಅತ್ತೆಯರು ಅಳಿಯನ ಬೈಕಿನ ಹಿಂದೆ ಕುಳಿತು ಶಿರಾಕ್ಕೆ ಹೋಗಿ ಸೀರೆ ತರುತ್ತಾರೆ. ತರಲಿ. ನಾನು ಬೆಳೆದದ್ದು ಬೇರೆ ಥರ. ನಮ್ಮ ಮನೆತನದಲ್ಲಿ ಅಳಿಯ ಬಂದರೆ ಅತ್ತೆ ಸೆರಗು ಹೊದ್ದು ಬಾಗಿಲ ಹಿಂದೆ ನಿಲ್ಲಬೇಕು. ಹೇಳುವುದೇನಿದ್ದರೂ ಇನ್ನೊಬ್ಬರಿಗೆ ಹೇಳಿದ ಹಾಗೆ ಹೇಳಬೇಕು. ಇನ್ನೊಬ್ಬರು ಇಲ್ಲದಿದ್ದರೆ ಇನ್ನೊಂದಕ್ಕೆ ಹೇಳಬೇಕು. ನನ್ನವ್ವ ಬದುಕಿರುವವರೆಗೂ ನನ್ನ ಗಂಡನ ಜೊತೆ ನೀರಿನ ಹಂಡೆಯ ಮೂಲಕವೇ ಮಾತಾಡಿದಳು. "ಲೇ ಹಂಡೆ, ಸ್ನಾನಕ್ಕೆ ನೀರು ಕಾದೈತೆ ಅನ್ನು." ನನ್ನ ಗಂಡನೂ ಹಂಡೆಯನ್ನೇ ನೋಡಿಕೊಂಡು "ಬಂದೆ" ಅನ್ನುತ್ತಿದ್ದರು. ಯಾರೂ ನಗುತ್ತಿರಲಿಲ್ಲ. ನನಗೆ ಹಂಡೆ ಒಗ್ಗಲಿಲ್ಲ. ಹಂಡೆಯನ್ನು ಬೈದರೆ ಠಣ್ ಅನ್ನುವುದು ಕೂಡ ಇಲ್ಲ. ನಾನು ನಮ್ಮ ಎಮ್ಮೆಯ ಮೂಲಕ ಮಾತಾಡುತ್ತೇನೆ. ಅವಳ ಹೆಸರು ಚೆಲುವಿ. ಒಂದು ಕೊಂಬು ಆಕಾಶ ನೋಡುತ್ತದೆ, ಇನ್ನೊಂದು ಬೇರೆಯವರ ಮನೆಯ ಕಡೆ ನೋಡುತ್ತದೆ. ಏನು ಹೇಳಿದರೂ ಮೆಲುಕು ಹಾಕುತ್ತ ಕೇಳುತ್ತಾಳೆ. ನನ್ನ ಸಂಸಾರದಲ್ಲಿ ಇಷ್ಟು ಗಮನ ಕೊಟ್ಟು ಕೇಳಿದವರು ಬೇರೆ ಯಾರೂ ಇಲ್ಲ.

ಅಳಿಯಂದಿರ ಹೆಸರು ಹನುಮಂತರಾಯಪ್ಪ. ಪಾವಗಡದ ಆಚೆ, ಕನ್ನಡ ಎಲ್ಲಿ ಮುಗಿಯಿತು ತೆಲುಗು ಎಲ್ಲಿ ಶುರುವಾಯಿತು ಎಂದು ಅಲ್ಲಿಯವರಿಗೇ ಗೊತ್ತಾಗದ ಊರು ಅವರದು. ಮೀಸೆ ಬರುವ ಮೊದಲೇ ತೆಲುಗು ಸೀಮೆಯ ಕಲ್ಲಿದ್ದಲು ಗಣಿಗೆ ಸೇರಿದವರು. ಮೀಸೆ ಬಂದು, ಬೆಳ್ಳಗಾಗಿ, ರಿಟೈರಾಗಿ ಬಂದರು. ಹೆಣ್ಣು ನೋಡಲು ಬಂದ ದಿನ ಅವರ ಉಗುರಿನ ಸಂದಿಯಲ್ಲಿ ಕಪ್ಪು ಕಂಡು "ಗಂಡಿಗೆ ಕೈ ತೊಳೆಯೋ ಅಭ್ಯಾಸ ಐತಾ ಕೇಳೇ" ಎಂದು ನಾನು ಆಗಿನ ಎಮ್ಮೆಗೆ ಹೇಳಿದ್ದೆ. ಆ ಕಪ್ಪು ಇನ್ನೂ ಹೋಗಿಲ್ಲ. ಮನುಷ್ಯರು ಒಳ್ಳೆಯವರು. ಕುಡಿಯುವುದಿಲ್ಲ, ಕೂಗುವುದಿಲ್ಲ, ಅತ್ತಮ್ಮಾ ಅತ್ತಮ್ಮಾ ಎಂದು ಬಾಯಿ ತುಂಬ ಕರೆಯುತ್ತಾರೆ. ಆದರೆ ಮಗಳು ಜಯಿ ಫೋನು ಮಾಡಿದಾಗೆಲ್ಲ ಒಂದೇ ಗೋಳು.

"ಅಮ್ಮ, ಬೆಳಗ್ಗೆ ಎದ್ದು ಹಿತ್ತಲಲ್ಲಿ ಗುಂಡಿ ತೋಡ್ತಾರೆ. ಸಾಯಂಕಾಲ ಮುಚ್ತಾರೆ. ಯಾಕ್ರೀ ಅಂದ್ರೆ ಕೈ ಕಡೀತೈತೆ ಅಂತಾರೆ."

"ಕರ್ಕಂಡು ಬಾರೇ, ನಾಕ್ ದಿನ ಇದ್ದು ಹೋಗ್ಲಿ. ಜಾಗ ಬದ್ಲಾದ್ರೆ ಕೈ ಸುಮ್ಕಾಗುತ್ತೆ" ಎಂದು ನಾನೇ ಹೇಳಿದೆ. ಇದನ್ನು ಯಾರೋ ಹೇಳಿದರು ಎಂದು ಹೇಳಿಕೊಳ್ಳೋಣ ಎಂದರೆ ಆಗುವುದಿಲ್ಲ. ನಾನೇ ಹೇಳಿದ್ದು.

ಬಂದರು. ರಾಗಿ ಕೊಯ್ಲು, ಒಕ್ಕಣೆ ಎಲ್ಲ ಮುಗಿದು, ಬಿಸಿಲು ಏರುತ್ತಿದ್ದ ದಿನಗಳು. ಮಗಳ ಕೈಯಲ್ಲಿ ಬ್ಯಾಗು, ಅಳಿಯಂದಿರ ಹೆಗಲ ಮೇಲೆ ಒಂದು ಮಾರುದ್ದದ ಪ್ಲಾಸ್ಟಿಕ್ ಪೈಪು, ಎರಡೂ ಕಡೆ ಮುಚ್ಚಳ. ನಮ್ಮ ಹಿತ್ತಲಿನ ಬಚ್ಚಲ ನೀರು ಹೋಗಲು ಪೈಪು ಇಲ್ಲ ಎಂದು ಹಿಂದಿನ ಸಲ ಚೆಲುವಿಗೆ ಹೇಳಿದ್ದೆ. ಅದನ್ನು ನೆನಪಿಟ್ಟುಕೊಂಡು ತಂದಿದ್ದಾರೆ ಎಂದು ಖುಷಿಯಾಗಿ ಒಂದು ಹುಂಜ ಕುಯ್ಯಿಸಿದೆ. ಊಟವಾದ ಮೇಲೆ ಪೈಪಿನ ಮುಚ್ಚಳ ತೆಗೆದರೆ ಒಳಗಿನಿಂದ ಕಾಗದ ಬಂತು. ಸುರುಳಿ ಸುರುಳಿ ಕಾಗದ. ಹುಂಜ ಹೋದದ್ದು ಹೋಯಿತು.

ನಡುಮನೆಯಲ್ಲಿ ಕಾಗದ ಹಾಸಿ, ಅದು ಸುತ್ತಿಕೊಳ್ಳದ ಹಾಗೆ ನಾಲ್ಕು ಮೂಲೆಗೆ ನನ್ನ ಸೇರು, ಪಾವು, ಒಂದು ತೆಂಗಿನಕಾಯಿ, ಇನ್ನೊಂದು ಮೂಲೆಗೆ ನನ್ನ ಮಗಳನ್ನು ಇಟ್ಟರು. ಹಳೇ ಸರ್ವೆ ನಕ್ಷೆಗಳಂತೆ. ಇಂಗ್ಲಿಷರ ಕಾಲದವು, ಆಮೇಲಿನವು. ಅವರು ಕೆಲಸ ಮಾಡಿದ ಗಣಿ ಸೀಮೆಯವು. ನಾನು ಬಾಗಿಲ ಹಿಂದೆ ನಿಂತು ಸಂದಿಯಲ್ಲಿ ನೋಡಿದೆ. ನಕ್ಷೆಯಲ್ಲಿ ಬೆಟ್ಟ ಅಂದರೆ ಬೆಟ್ಟದ ಚಿತ್ರ ಇರುವುದಿಲ್ಲ. ಈರುಳ್ಳಿ ಅಡ್ಡಡ್ಡ ಕೊಯ್ದ ಹಾಗೆ ಕಂದು ಗೆರೆಗಳು ಸುತ್ತಿಕೊಂಡಿರುತ್ತವೆ. ಗೆರೆ ಒತ್ತೊತ್ತಾಗಿದ್ದರೆ ಕಡಿದಾದ ಬೆಟ್ಟ, ಬಿಡಿ ಬಿಡಿಯಾಗಿದ್ದರೆ ಇಳಿಜಾರು. ನೀಲಿ ಇದ್ದರೆ ನೀರು. ನಾನು ಮೂರನೇ ಕ್ಲಾಸಿಗೆ ಇಸ್ಕೂಲು ಬಿಟ್ಟವಳು, ನನಗೇ ಇಷ್ಟು ಅರ್ಥವಾಯಿತು ಅಂದರೆ ಅವರು ಎಷ್ಟು ಸಲ ಹೇಳಿರಬೇಕು ನೀವೇ ಲೆಕ್ಕ ಹಾಕಿ.

"ಇದು ಹಳೇದು, ಇದು ಹೊಸದು, ಎರಡೂ ಒಂದೇ ಜಾಗ" ಎಂದು ಎರಡು ಕಾಗದವನ್ನು ಪಕ್ಕ ಪಕ್ಕ ಇಟ್ಟರು. ಹಳೆಯದರಲ್ಲಿ ಒಂದು ಸಣ್ಣ ಊರು. ಗುಡಿ, ಹುಣಸೆ ತೋಪು, ಬಾವಿ, ಕಾಲುದಾರಿ. ಹೊಸದರಲ್ಲಿ ಅದೇ ಜಾಗದಲ್ಲಿ ಬರೀ ಗೀಟು ಗೀಟು ಎಳೆದ ಒಂದು ದೊಡ್ಡ ಗುಂಡಿ.

"ನಾನು ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಇದೇ ಊರಲ್ಲಿ ರೂಮು ಮಾಡ್ಕೊಂಡಿದ್ದೆ ಅತ್ತಮ್ಮಾ. ಈ ಬಾವಿ ನೀರೇ ಕುಡಿದಿದ್ದು. ಆಮೇಲೆ ಕೆಳಗೆ ಬೊಗ್ಗು ಸಿಕ್ತು, ಊರು ಎತ್ತಿದ್ರು." ಇದ್ದಲಿಗೆ ಅವರು ತೆಲುಗಿನಲ್ಲಿ ಬೊಗ್ಗು ಅನ್ನುತ್ತಾರೆ. "ಈಗ ಆ ಬಾವಿ ಇದ್ದ ಜಾಗದಲ್ಲಿ ನಿಂತ್ಕೋಬೇಕು ಅಂದ್ರೆ ಗಾಳಿಲಿ ನಿಂತ್ಕೋಬೇಕು."

ಮಗಳು ಮೂಲೆಯಿಂದ ಕೈ ತೆಗೆದಳು. ಕಾಗದ ಸುತ್ತಿಕೊಂಡು ಅವರ ಮೂಗಿಗೆ ಬಡಿಯಿತು. ನಾನು ಹಿತ್ತಲಿಗೆ ಹೋಗಿ ಚೆಲುವಿಗೆ ಹೇಳಿದೆ: "ಅಗೆದೋರೂ ಇವ್ರೇ, ಹುಡುಕೋರೂ ಇವ್ರೇ ಕಣೇ."

ಅಷ್ಟಕ್ಕೇ ನಿಂತಿದ್ದರೆ ನಾನು ಇದನ್ನೆಲ್ಲ ಬರೆಯುತ್ತಿರಲಿಲ್ಲ. ಮಾರನೆಯ ದಿನ ಪೈಪಿನ ತಳದಿಂದ ಇನ್ನೊಂದು ಕಾಗದ ಹೊರಗೆ ಬಂತು. ಅದು ನಮ್ಮ ಕಡೆಯದು. ಮಧುಗಿರಿ ಬೆಟ್ಟ ಇತ್ತು, ಅದರ ಗೆರೆಗಳು ಬಾಚಣಿಗೆಯಲ್ಲಿ ಸಿಕ್ಕಿದ ಕೂದಲಿನ ಹಾಗೆ ಒಂದರ ಮೇಲೊಂದು ಬಿದ್ದಿದ್ದವು. ದೊಡ್ಡೇರಿ ಇತ್ತು, ಪುರವರ ಇತ್ತು, ನಡುವೆ ನಮ್ಮೂರೂ ಇತ್ತು. ಅಳಿಯಂದಿರು ನಮ್ಮೂರನ್ನು ಹೆಬ್ಬೆರಳಿನಿಂದ ತೋರಿಸಿದರು. ಬೆರಳು ಇಟ್ಟರೆ ಊರಿಲ್ಲ, ಎತ್ತಿದರೆ ಊರು.

"ಈ ಚುಕ್ಕಿ ಚೂಡಂಡಿ, ನೋಡಿ ಅತ್ತಮ್ಮಾ. ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಹಳೇ ಕುಲುಮೆ ಅಂತ ಬರ್ದಿದಾರೆ. ಹಿಂದೆ ನಿಮ್ಮ ಕಡೆ ಕಪ್ಪು ಮರಳು ಕಾಯಿಸಿ ಕಬ್ಬಿಣ ತೆಗೀತಿದ್ರು. ಅದಕ್ಕೆ ಇದ್ದಲು ಬೇಕಲ್ಲ? ಗುಡ್ಡದ ಮರ ಕಡಿದು, ಗುಂಡಿಲಿ ಸುಟ್ಟು, ಇದ್ದಲು ಮಾಡ್ತಿದ್ರು. ಅಂದ್ರೆ ನಾನು ಅಷ್ಟು ದೂರ ಹೋಗಿ ಮಾಡಿದ ಕೆಲಸ ಇಲ್ಲಿ ಮನೆ ಹಿಂದೇನೇ ಇತ್ತು!" ಅವರ ಮುಖ ಹೊಸ ಮಡಕೆಯ ಹಾಗೆ ಹೊಳೆಯುತ್ತಿತ್ತು. ಎದ್ದು, ನಕ್ಷೆ ಹಿಡಿದು, ಗುಡಿಯಿಂದ ಹೆಜ್ಜೆ ಹಾಕಿ, ಬಾವಿಯಿಂದ ಹಗ್ಗ ಎಳೆದು, ಬಿಸಿಲಲ್ಲಿ ಊರೆಲ್ಲ ಸುತ್ತಿ, ಕೊನೆಗೆ ನಮ್ಮ ಹಿತ್ತಲಿನ ಆಚೆ ಬಂದು ನಿಂತು ಹೇಳಿದರು: "ಇಲ್ಲೇ."

ಅದು ನನ್ನ ತಿಪ್ಪೆ.

ತಿಪ್ಪೆ ಅಂದರೆ ಏನು ಎಂದು ಪೇಟೆಯವರಿಗೆ ಸ್ವಲ್ಪ ಹೇಳಬೇಕು. ಅವರು ಕಸದ ಗುಡ್ಡೆ ಅಂದುಕೊಳ್ಳುತ್ತಾರೆ. ಕಸ ಅಲ್ಲ. ದಿನಾ ಬೆಳಗ್ಗೆ ಕೊಟ್ಟಿಗೆ ಬಾಚಿ, ಸಗಣಿಯನ್ನು ಮಂಕರಿಯಲ್ಲಿ ತುಂಬಿ, ತಲೆಯ ಮೇಲೆ ಹೊತ್ತು ತಂದು ಸುರಿದ ಗೊಬ್ಬರ. ನಮ್ಮಲ್ಲಿ ದೀಪಾವಳಿಗೆ ತಿಪ್ಪೆಯ ಮೇಲೆ ದೀಪ ಹಚ್ಚಿಟ್ಟು ಕೈ ಮುಗಿಯುತ್ತೇವೆ. ಯಾರು ದೀಪ ಇಟ್ಟರೋ ತಿಪ್ಪೆ ಅವರದು. ಹೊಲಕ್ಕೆ ಗೊಬ್ಬರ ಹೊಡೆಸಿ ತಿಪ್ಪೆ ಖಾಲಿಯಾದ ದಿನವೂ ಕತ್ತಲಾಗುವುದರೊಳಗೆ ಒಂದು ಮಂಕರಿ ಹೊಸ ಸಗಣಿ ಅಲ್ಲಿ ಬೀಳಬೇಕು. ಜಾಗ ಬರಿದಾಗಿ ಕಂಡರೆ ಮುಗಿಯಿತು, ಬೇರೆಯವರು ಬಂದು ಕೂರುತ್ತಾರೆ.

ನನ್ನ ವಿಷಯದಲ್ಲಿ ಬೇರೆಯವರು ಅಂದರೆ ಗಂಗಿ. ಗಂಗಮ್ಮ, ನನ್ನ ವಾರಗಿತ್ತಿ, ನನ್ನ ಗಂಡನ ತಮ್ಮನ ಹೆಂಡತಿ. ಒಂದೇ ಗೋಡೆಯ ಆಚೆ ಕಡೆ ಅವಳ ಮನೆ. ಅಣ್ಣ ತಮ್ಮಂದಿರು ಭಾಗವಾದಾಗ ಹೊಲ ಹಂಚಿದರು, ಪಾತ್ರೆ ಹಂಚಿದರು, ಒರಳು ನಮಗೆ, ಒನಕೆ ಅವರಿಗೆ ಎಂದು ಬುದ್ಧಿವಂತಿಕೆಯಿಂದ ಹಂಚಿದರು. ತಿಪ್ಪೆಯ ಜಾಗ ಮಾತ್ರ ಮರೆತರು. ಗಂಡಸರು ಹಂಚಿದರೆ ಹೀಗೇ. ಅವರು ಯಾವತ್ತು ಮಂಕರಿ ಹೊತ್ತಿದ್ದಾರೆ? ಆ ಜಾಗದ ಒಂದು ಬದಿಗೆ ನನ್ನ ತಿಪ್ಪೆ, ಇನ್ನೊಂದು ಬದಿಗೆ ಅವಳ ಹುಲ್ಲಿನ ಬಣವೆ. ತಿಪ್ಪೆ ಹಾಕಲು ಜಾಗವಿಲ್ಲದೆ ಅವಳು ಸಗಣಿಯನ್ನು ಊರಾಚೆ ಹೊತ್ತುಕೊಂಡು ಹೋಗುತ್ತಿದ್ದಳು. ನನ್ನ ತಿಪ್ಪೆ ಪ್ರತಿ ವರ್ಷ ಒಂದು ಗೇಣು ಅವಳ ಬಣವೆಯ ಕಡೆಗೆ ನಡೆಯುತ್ತಿತ್ತು. ನಾನು ನಡೆಸುತ್ತಿರಲಿಲ್ಲ, ಅದಾಗಿಯೇ ನಡೆಯುತ್ತಿತ್ತು. ಆ ವರ್ಷ ದೀಪಾವಳಿಯಲ್ಲಿ ಅವಳೂ ಬಂದು ನನ್ನ ತಿಪ್ಪೆಯ ಮೇಲೆ ಒಂದು ದೀಪ ಇಟ್ಟುಬಿಟ್ಟಳು. ಅವತ್ತಿನಿಂದ ನನಗೂ ಅವಳಿಗೂ ಮಾತಿರಲಿಲ್ಲ. ಹೀಗಿರುವಾಗ ಅಳಿಯಂದಿರು ತಿಪ್ಪೆ ತೆಗೆಸಿ ನೆಲ ಅಗೆಯುತ್ತೇನೆ ಅಂದರೆ ಏನಾಗುತ್ತದೆ? ಅವರು ಬೆಳಗ್ಗೆ ತಿಪ್ಪೆ ಸರಿಸಿದರೆ ಮಧ್ಯಾಹ್ನಕ್ಕೆ ಅಲ್ಲಿ ಗಂಗಿಯ ಬಣವೆ ನಿಂತಿರುತ್ತದೆ. ಅವಳು ಹುಲ್ಲು ಹೊರುವ ವೇಗ ನನಗೆ ಗೊತ್ತು. ಮದುವೆಯಾಗಿ ಬಂದಾಗಿನಿಂದ ನೋಡಿದ್ದೇನೆ.

"ಬೇಡ" ಎಂದು ಅಳಿಯಂದಿರಿಗೆ ಹೇಳುವ ಹಾಗಿಲ್ಲ. ಚೆಲುವಿಯ ಹತ್ತಿರ ಓಡಿದೆ. ಅಳಿಯಂದಿರಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ: "ಏನೇ ಚೆಲುವಿ, ವಯಸ್ಸಾದ್ಮೇಲೂ ನೆಲ ಕೆರೆಯೋ ಚಪಲ ಹೋಗ್ಲಿಲ್ವೇನೇ ನಿಂಗೆ? ಹೊತ್ತೊತ್ತಿಗೆ ಹಾಕ್ತೀನಿ, ತಿಂದ್ಕಂಡು ನೆಳ್ಳಲ್ಲಿ ಬಿದ್ಕಂಡಿರಕ್ಕೇನೇ ರೋಗ? ಮಂದಿ ತಿಪ್ಪೆ ಮ್ಯಾಲೆ ಯಾಕೇ ಕಣ್ಣು?"

ಅಳಿಯಂದಿರು ಮೆಲ್ಲಗೆ ಬಂದು ಎಮ್ಮೆಯ ಕಾಲು ನೋಡಿದರು, ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರು. ಗೋಡೆಗೆ ಹೇಳಿದರು: "ಪಾಪ, ಇದಕ್ಕೆ ಏನೋ ಕೊರತೆ ಇದೆ ಅನ್ಸುತ್ತೆ. ಮಣ್ಣು ಕೆರೆಯೋದು ಉಪ್ಪಿನಂಶ ಕಮ್ಮಿ ಆದಾಗ." ಸಾಯಂಕಾಲ ದೊಡ್ಡೇರಿಗೆ ಹೋಗಿ ಎಮ್ಮೆಗೆ ಪುಡಿ ಔಷಧ ತಂದರು. ನಾನು ಮಾರನೆಯ ದಿನ ಇನ್ನೂ ಖಾರವಾಗಿ ಬೈದೆ. ಪುಡಿ ಎರಡು ಹೊತ್ತು ಹಾಕಿದರು. ಚೆಲುವಿ ಹಾಲು ಹೆಚ್ಚು ಕೊಡಲು ಶುರು ಮಾಡಿದಳು.

ಮಗಳನ್ನು ಹಿಡಿದೆ. "ಜಯಿ, ನಿನ್ ಗಂಡಂಗೆ ಹೇಳೇ. ಅಷ್ಟು ಕಷ್ಟಪಟ್ಟು ನಕ್ಷೆ ಬರ್ದೋನು ಬಾವಿ ಬರ್ದವ್ನೆ, ಗುಡಿ ಬರ್ದವ್ನೆ, ಹುಣ್ಸೆಮರ ಬರ್ದವ್ನೆ. ನನ್ ತಿಪ್ಪೆ ಬರ್ದವ್ನಾ? ತಿಪ್ಪೆನೇ ಕಾಣದೆ ಇರೋನ್ ಮಾತು ಹೆಂಗೆ ನಂಬ್ತಾರೆ?"

"ಹೇಳ್ದೆ ಅಮ್ಮ. ಆಗ ಈ ತಿಪ್ಪೆ ಇರ್ಲಿಲ್ಲ ಅಂತಾರೆ."

"ತಿಪ್ಪೆ ಇಲ್ದಿರೋ ಊರು ಯಾವ್ದೇ?"

"ನೀನೇ ಹೇಳಮ್ಮ ಮತ್ತೆ."

"ಅಳಿಯಂದ್ರಿಗೆ ನಾನು ಹೆಂಗೇ ಹೇಳಲಿ? ನಿಂಗೆ ಬುದ್ಧಿ ಐತಾ?"

"ಹಂಗಾದ್ರೆ ಅಗೀಲಿ ಬುಡು. ಅಲ್ಲಿ ದಿನಾ ಹಿತ್ತಲಲ್ಲಿ ನಾನು ನೋಡಿಲ್ವಾ? ನಂಗೂ ನಾಕ್ ದಿನ ಆರಾಮು" ಅಂದಳು. ಹೆತ್ತ ಮಗಳು.

ನಾಳೆ ತಿಪ್ಪೆ ಸರಿಸುವುದು ಎಂದು ನಿಶ್ಚಯವಾಯಿತು. ಪಕ್ಕದ ಬೀದಿಯಿಂದ ಹಾರೆ, ಗುದ್ದಲಿ, ಬಾಂಡ್ಲಿ ಬಂದವು. ಮಧ್ಯಾಹ್ನ ನಾನು ಇನ್ನೊಂದು ಕೋಳಿ ಕುಯ್ಯಿಸಿ, ಮುದ್ದೆ ದಪ್ಪಗೆ ಕಟ್ಟಿ, ಸಾರಿಗೆ ಎಣ್ಣೆ ಹೆಚ್ಚಿಗೆ ಬಿಟ್ಟೆ. ಉಂಡ ಅಳಿಯಂದಿರು ಜಗಲಿಯ ಮೇಲೆ ನಕ್ಷೆಯನ್ನೇ ಮುಖಕ್ಕೆ ಹೊದ್ದು ಮಲಗಿದರು. ಉಸಿರು ಬಿಟ್ಟಾಗ ಮಧುಗಿರಿ ಬೆಟ್ಟ ಮೇಲೆ ಏಳುತ್ತಿತ್ತು, ಎಳೆದುಕೊಂಡಾಗ ಇಳಿಯುತ್ತಿತ್ತು. ಆಗ ನನ್ನ ಕಣ್ಣು ಕೋಳಿಗೂಡಿನ ಮೇಲೆ ಬಿತ್ತು.

ನಮ್ಮ ಕೋಳಿಗೂಡಿಗೆ ತಗಡಿನ ಶೀಟು ಹೊದಿಸಿದೆ. ಗಾಳಿಗೆ ಹಾರದಿರಲಿ ಎಂದು ಅದರ ಮೇಲೆ ಕಪ್ಪು ಕಲ್ಲುಗಳನ್ನು ಹೇರಿದ್ದೇನೆ. ಕಲ್ಲು ಅನ್ನುತ್ತೇನೆ, ಅವು ಕಲ್ಲಲ್ಲ. ಕಿಟ್ಟ. ಕಬ್ಬಿಣ ಕಾಯಿಸಿದಾಗ ಉಳಿಯುವ ಹೊಲಸು. ಉಕ್ಕಿ ಆರಿದ ಬೆಲ್ಲದ ಪಾಕದ ಹಾಗೆ ತೂತು ತೂತಾಗಿರುತ್ತದೆ, ಎತ್ತಿದರೆ ಭಾರ. ಹಳ್ಳದ ಪಕ್ಕದ ನಮ್ಮ ಹೊಲದಲ್ಲಿ ಉಳುವಾಗ ಇಂಥವು ಎಷ್ಟು ಬೇಕಾದರೂ ಏಳುತ್ತವೆ. ಅಂದರೆ ಕುಲುಮೆ ಇದ್ದದ್ದು ಅಲ್ಲಿ. ನಕ್ಷೆ ಸರಿಯಾಗಿಯೇ ಇರಬಹುದು, ಅಳಿಯಂದಿರ ಹೆಬ್ಬೆರಳು ದಪ್ಪ, ಅಷ್ಟೇ. ಹಾಗಾದರೆ ಅವರನ್ನು ಹೊಲಕ್ಕೇ ಕರೆದುಕೊಂಡು ಹೋಗಿ ತೋರಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ತೋರಿಸಬಹುದಿತ್ತು. ಆದರೆ ಹೊಲ ನನ್ನದು. ಗಂಗಿಯ ಬಣವೆಯ ಜಾಗ ನನ್ನದಲ್ಲ.

ಸೆರಗಿನಲ್ಲಿ ನಾಲ್ಕಾರು ಕಿಟ್ಟ ಕಟ್ಟಿಕೊಂಡು ಹೋದೆ. ಗಂಗಿಯ ಹುಲ್ಲು ಬೇಸಿಗೆಗೆ ಅರ್ಧ ಕರಗಿ, ಬಣವೆ ಒಂದು ಮೂಲೆಗೆ ಸರಿದಿತ್ತು. ಖಾಲಿ ಬಿದ್ದ ಕಡೆ ನೆಲ ಕೆದಕಿ, ಕಿಟ್ಟ ಹೂತು, ಒಂದನ್ನು ಮಾತ್ರ ಅರ್ಧ ಮೂಗು ಹೊರಗೆ ಕಾಣುವ ಹಾಗೆ ಇಟ್ಟು, ಮೇಲೆ ಹುಲ್ಲು ಎರಚಿದೆ. ಆಮೇಲೆ ಬಂದು ಜಗಲಿಯ ಹತ್ತಿರ ಚೆಲುವಿಯ ಹಗ್ಗ ಬಿಚ್ಚಿ, ಅವಳನ್ನು ಅತ್ತ ಅಟ್ಟಿ ಕೂಗಿದೆ: "ಅಯ್ಯೋ, ಗಂಗಿ ಬಣವೆ ತಾವ ಹೋಗ್ಬುಟ್ಯಲ್ಲೇ! ಅದೇನೇ ಅದು ಕರ್ರಗೆ, ಎಡವ್ಬುಟ್ಟೀಯಾ, ನೋಡ್ಕಂಡು ನಡಿಯೇ!"

ಅಳಿಯಂದಿರು ನಕ್ಷೆ ಕಿತ್ತೆಸೆದು ಬರಿಗಾಲಲ್ಲಿ ಓಡಿದರು. ಕಿಟ್ಟವನ್ನು ಎತ್ತಿ, ತಿರುಗಿಸಿ, ತೂಕ ನೋಡಿ, ಮೂಸಿ, ಅದರ ಮೇಲಿದ್ದ ಬಿಳಿ ಕಲೆಯನ್ನು ಉಗುರಿನಿಂದ ಕೆರೆದರು. ಕೋಳಿಯ ಹಿಕ್ಕೆ ಅದು. ತೊಳೆಯುವುದು ನನಗೆ ಹೊಳೆದಿರಲಿಲ್ಲ. ಅವರು ಒಂದು ಸಲ ನಮ್ಮ ಹಿತ್ತಲಿನ ಕಡೆ ನೋಡಿದರು, ಇನ್ನೊಂದು ಸಲ ಕಿಟ್ಟವನ್ನು ನೋಡಿದರು.

"ಸುಣ್ಣ ಇರಬೇಕು" ಅಂದರು. "ಕುಲುಮೆಗೆ ಸುಣ್ಣಕಲ್ಲು ಹಾಕ್ತಿದ್ರೇನೋ. ನಕ್ಷೆ ಒಂದು ಚೂರು ಆಚೆ ಈಚೆ. ಇಲ್ಲೇ ಅಗೀಬೇಕು."

ಗುದ್ದಲಿಯ ಮೊದಲ ಏಟಿಗೆ ಗಂಗಿ ಹೊರಗೆ ಬಂದಳು. ಕೈಯಲ್ಲಿ ಪೊರಕೆ, ಬಾಯಲ್ಲಿ ಎಲೆಯಡಿಕೆ. ಪೂರ್ತಿ ತಯಾರಾಗಿ ಉಸಿರು ಎಳೆದುಕೊಂಡಳು. ನಾನು ಗೋಡೆಗೆ ಒರಗಿ ಕಾದೆ. ಗಂಗಿಯ ಬೈಗುಳ ಕೇಳಲು ಪುರವರದಿಂದಲೂ ಜನ ಬರಬೇಕು, ಅಷ್ಟು ಚೆನ್ನಾಗಿ ಬೈಯುತ್ತಾಳೆ. ಆದರೆ ಬಗ್ಗಿ ಅಗೆಯುತ್ತಿದ್ದವರು ತಲೆ ಎತ್ತಿ "ಚಿಕ್ಕತ್ತಮ್ಮಾ, ಬಾಗುನ್ನಾರಾ?" ಎಂದು ತೆಲುಗಿನಲ್ಲಿ ಕ್ಷೇಮ ಕೇಳಿಬಿಟ್ಟರು. ಗಂಗಿಯ ಉಸಿರು ಅಲ್ಲೇ ಸಿಕ್ಕಿಕೊಂಡಿತು. ಜಯಿ ಅವಳಿಗೂ ಮಗಳೇ ಅಲ್ಲವೇ? ನನ್ನ ಅಳಿಯ ಅಂದರೆ ಅವಳಿಗೂ ಅಳಿಯ. ಪೊರಕೆಯನ್ನು ಬೆನ್ನ ಹಿಂದೆ ಬಚ್ಚಿಟ್ಟು, ಸೆರಗನ್ನು ಹಣೆಯವರೆಗೂ ಎಳೆದುಕೊಂಡು, ಸುತ್ತ ಮುತ್ತ ನೋಡಿದಳು. ಮಾತಾಡಲು ಏನಾದರೂ ಬೇಕಲ್ಲ. ಅವಳ ಹಸುವನ್ನು ಮೇಯಲು ಬಿಟ್ಟಿದ್ದಳು. ಸಿಕ್ಕಿದ್ದು ನನ್ನ ಚೆಲುವಿ.

"ಏನೇ ಎಮ್ಮೆ," ಅಂದಳು ನಡುಗುವ ಧ್ವನಿಯಲ್ಲಿ, "ನಿನ್ ಮನೆ ನೆಲ ಬುಟ್ಟು ನನ್ ಮನೆ ನೆಲಕ್ಕೆ ಬಂದಿದ್ಯಲ್ಲೇ, ನಿನ್ ಯಜಮಾನಿ ಕಲ್ಸಿದ್ದೇನೇ ಇದು?"

ನನಗೂ ಗಂಗಿಗೂ ಮಾತಿಲ್ಲವಲ್ಲ, ನಾನೂ ಚೆಲುವಿಗೇ ಉತ್ತರ ಕೊಟ್ಟೆ: "ಕೇಳೇ ಚೆಲುವಿ, ಇದು ಯಾರಪ್ಪನ ಮನೆ ನೆಲ ಅಂತ ಕೇಳೇ! ದೀಪ ಇಟ್ಟು ನೆಲ ಹೊಡ್ಯೋರು ಯಾರು ಅಂತಾನೂ ಕೇಳೇ!"

"ತಿಪ್ಪೆಗೆ ಕಾಲು ಬರ್ಸಿದೋರು ಯಾರು ಅಂತ ಕೇಳೇ ಎಮ್ಮೆ!"

"ನಮ್ಮತ್ತೆ ಸಾಯೋವಾಗ ಯಾರ ಕೈಲಿ ನೀರು ಕುಡುದ್ರು ಅಂತ ಹೇಳೇ ಚೆಲುವಿ!"

"ಕುಡುದ್ಮೇಲೇ ಸತ್ತಿದ್ದು ಅಂತಾನೂ ಹೇಳೇ!"

ಚೆಲುವಿ ಅತ್ತ ಒಮ್ಮೆ ಇತ್ತ ಒಮ್ಮೆ ತಲೆ ತಿರುಗಿಸಿ ತಿರುಗಿಸಿ, ಕೊನೆಗೆ ಬೇಸರವಾಗಿ ಗಂಗಿಯ ಹುಲ್ಲಿಗೆ ಬಾಯಿ ಹಾಕಿದಳು. ಅಳಿಯಂದಿರು ಗುದ್ದಲಿಗೆ ಒರಗಿ, ಬೆವರು ಒರೆಸಿಕೊಂಡು, ಮಗಳಿಗೆ ಹೇಳಿದರು: "ನಿಮ್ಮೂರಲ್ಲಿ ಎಮ್ಮೆನ ಎಲ್ರೂ ಎಷ್ಟು ಮಾತಾಡಿಸ್ತಾರೆ ಜಯಾ. ಅದಕ್ಕೇ ಹಾಲು ಚೆನ್ನಾಗಿ ಕೊಡುತ್ತೆ."

ನಾಲ್ಕು ದಿನ ಅಗೆದರು. ಅವರು ಅಗೆಯುವುದನ್ನು ನೋಡಲು ಊರಿನ ಗಂಡಸರು ಬಂದು ಬೀಡಿ ಹಚ್ಚಿ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ನಾನೂ ನೋಡಿದೆ, ಸುಳ್ಳು ಯಾಕೆ ಹೇಳಲಿ. ಎಷ್ಟು ಚೆಂದ ಅಗೆಯುತ್ತಾರೆ! ನಮ್ಮ ಗಂಡಸರು ಗುಂಡಿ ತೋಡಿದರೆ ಹಂದಿ ಕೆದಕಿದ ಹಾಗಿರುತ್ತದೆ. ಇವರದು ಹಾಗಲ್ಲ. ಮೂಲೆ ಅಂದರೆ ಮೂಲೆ, ಗೋಡೆ ಅಂದರೆ ಗೋಡೆ, ಇಳಿಯಲು ಒಂದು ಕಡೆ ಮೆಟ್ಟಿಲು, ಮಣ್ಣು ಕುಸಿಯದ ಹಾಗೆ ಸುತ್ತ ಕಲ್ಲು ಕಟ್ಟಿದರು. ಅಗೆಯುತ್ತ ಅಗೆಯುತ್ತ ಬಾಯಲ್ಲಿ ಏನೋ ತೆಲುಗು ಪದ ಗುನುಗುತ್ತಿದ್ದರು. ಕೈ ಕಡಿಯುವುದು ನಿಂತಿರಬೇಕು, ರಾತ್ರಿ ಒಂದು ಮುದ್ದೆ ಜಾಸ್ತಿ ಉಣ್ಣುತ್ತಿದ್ದರು. ನನ್ನ ಕೋಳಿಗೂಡು ಖಾಲಿಯಾಗುತ್ತ ಬಂತು. ಆದರೂ ನನಗೆ ಒಳಗೊಳಗೇ ನೆಮ್ಮದಿ. ತಿಪ್ಪೆ ಅಲ್ಲಾಡಿರಲಿಲ್ಲ.

ಕೊನೆಯ ದಿನ ಗುಂಡಿಯೊಳಗಿಂದ ಕೂಗಿದರು. ಗೋಡೆಯಲ್ಲಿ ಬೆರಳು ದಪ್ಪದ ಕಪ್ಪು ಪಟ್ಟಿ ಒಂದು ಕಾಣಿಸಿತ್ತು. ಕೆರೆದು ಬೊಗಸೆಯಲ್ಲಿ ಹಿಡಿದು ಮೇಲೆ ಬಂದರು. ಇದ್ದಲು. ಪುಡಿ ಪುಡಿಯಾಗಿ, ಮಣ್ಣು ಬೆರೆತು, ಆದರೆ ಇದ್ದಲೇ. ನಾನು ಹೂತದ್ದಲ್ಲ. "ಬೊಗ್ಗು!" ಅಂದರು, ಕೂಸನ್ನು ತೋರಿಸುವ ಹಾಗೆ ಎಲ್ಲರಿಗೂ ತೋರಿಸುತ್ತ.

ಗಂಗಿ ಇಣುಕಿ ನೋಡಿ ಚೆಲುವಿಗೆ ಹೇಳಿದಳು: "ನಮ್ಮತ್ತೆ ಒಲೆ ಬೂದಿ ಸುರೀತಿದ್ದುದ್ದು ಇಲ್ಲೇ ಅಲ್ವೇನೇ?"

ಅದು ನಿಜ. ಅತ್ತೆ ಅಲ್ಲೇ ಸುರಿಯುತ್ತಿದ್ದರು. ಆದರೆ ಗಂಗಿ ಹೇಳಿದ ಮೇಲೆ ನಾನು ಹೌದು ಅನ್ನಲಾದೀತೆ? "ಅತ್ತೆ ಬೂದಿ ಅಷ್ಟು ಆಳಕ್ಕೆ ಹೋಗಲ್ಲ ಕಣೇ ಚೆಲುವಿ" ಅಂದೆ. ಅಳಿಯಂದಿರು ಯಾರ ಮಾತೂ ಕೇಳದವರಂತೆ ಇದ್ದಲನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ ಜೇಬಿಗೆ ಹಾಕಿಕೊಂಡು ಜೇಬನ್ನು ಎರಡು ಸಲ ತಟ್ಟಿದರು. ಆಮೇಲೆ "ನಾಡಿದ್ದು ಹೊರಡಬೇಕು. ನಾಳೆ ಚಿಕ್ಕತ್ತಮ್ಮನ ಗುಂಡಿ ಮುಚ್ಚಿಬಿಡ್ತೀನಿ" ಅಂದರು.

ಆಗ ಗಂಗಿ ಏನು ಮಾಡಿದಳು ಗೊತ್ತೆ? ಚೆಲುವಿಯ ಕೊರಳು ತಬ್ಬಿಕೊಂಡು ಜೇನಿನಂಥ ಧ್ವನಿಯಲ್ಲಿ ಹೇಳಿದಳು: "ಮುಚ್ಚೋದು ಬ್ಯಾಡ ಅನ್ನೇ ಬಂಗಾರಿ. ಅಳಿಯಂದ್ರು ಕಷ್ಟಪಟ್ಟು ತೋಡಿರೋದು, ಹಂಗೇ ಇರ್ಲಿ ಅನ್ನು." ಒಳಗೆ ಓಡಿ, ಒಂದು ಮಂಕರಿ ಸಗಣಿ ಹೊತ್ತು ತಂದು, ಮೆಟ್ಟಿಲು ಇಳಿದು, ಗುಂಡಿಯ ಮೂಲೆಗೆ ಸುರಿದಳು. ಮೇಲೆ ಬಂದು ಒಂದು ಹಣತೆ ಹಚ್ಚಿ ಅಂಚಿಗೆ ಇಟ್ಟಳು. ದೀಪಾವಳಿ ಅಲ್ಲ, ಏನಲ್ಲ, ನಡು ಬೇಸಿಗೆಯಲ್ಲಿ.

ನನ್ನ ಕಣ್ಣು ಆಗ ತೆರೆಯಿತು. ತಿಪ್ಪೆಗುಂಡಿ! ತಿಪ್ಪೆಯನ್ನು ನೆಲದ ಮೇಲೆ ಗುಡ್ಡೆ ಹಾಕಿದರೆ ಬಿಸಿಲಿಗೆ ಒಣಗುತ್ತದೆ, ಕೋಳಿ ಕೆದಕುತ್ತದೆ, ಮಳೆಗೆ ಸಾರವೆಲ್ಲ ಹರಿದು ಬೇರೆಯವರ ಹೊಲಕ್ಕೆ ಹೋಗುತ್ತದೆ. ಗುಂಡಿಯಲ್ಲಿ ಹಾಕಿದರೆ ಬೆಣ್ಣೆಯ ಹಾಗೆ ಕಳಿಯುತ್ತದೆ. ಒಂದು ತಿಪ್ಪೆಗುಂಡಿ ತೋಡಿಸು ಎಂದು ನಾನು ಮಗನಿಗೆ ಹೇಳಿ ಹೇಳಿ ಸಾಕಾಗಿತ್ತು. ಈಗ ಗಂಗಿಗೆ ಸಿಕ್ಕಿತು, ಕಲ್ಲು ಕಟ್ಟಿದ್ದು, ಮೆಟ್ಟಿಲಿರುವುದು, ಕಲ್ಲಿದ್ದಲು ಗಣಿಯಲ್ಲಿ ಪಳಗಿದ ಕೈ ತೋಡಿದ್ದು. ತಾಲ್ಲೂಕಿನಲ್ಲೇ ಅಂಥದಿಲ್ಲ. ತೋಡಿದವರು ನನ್ನ ಅಳಿಯ, ತಿಂದದ್ದು ನನ್ನ ಕೋಳಿ, ಹೂತದ್ದು ನನ್ನ ಕಿಟ್ಟ. ನನಗೆ ಉಳಿದದ್ದು ಯಾರಿಗೂ ಬೇಡವಾದ ಗುಡ್ಡೆ. ಇನ್ನು ಗಂಗಿ ಅದರ ಮೇಲೆ ದೀಪ ಇಡುವುದಿರಲಿ, ಕಣ್ಣು ಕೂಡ ಹಾಕುವುದಿಲ್ಲ. ಇಷ್ಟು ವರ್ಷ ಕಾದ ಜಾಗ ಪೂರ್ತಿ ನನ್ನದಾಯಿತು.

ಮಾರನೆಯ ಬೆಳಗ್ಗೆ ಎಲ್ಲರಿಗಿಂತ ಮೊದಲೇ ಎದ್ದೆ. ಕೋಳಿಗೂಡಿನ ಶೀಟಿನ ಮೇಲೆ ಉಳಿದಿದ್ದ ಕಿಟ್ಟವನ್ನೆಲ್ಲ ಇಳಿಸಿ, ಈ ಸಲ ಹಿಕ್ಕೆ ಹೋಗುವ ಹಾಗೆ ತಿಕ್ಕಿ ತೊಳೆದು, ನನ್ನ ತಿಪ್ಪೆಯ ಬುಡದಲ್ಲಿ ಹೂತೆ. ಒಂದರ ಮೂಗು ಹೊರಗಿಟ್ಟೆ. ಅಳಿಯಂದಿರು ಜಗಲಿಯಲ್ಲಿ ಕೂತು ನಕ್ಷೆ ಸುತ್ತಿ ಪೈಪಿಗೆ ತುಂಬುತ್ತಿದ್ದರು. ನಾನು ಚೆಲುವಿಯ ಪಕ್ಕ ನಿಂತು ಕೂಗಿದೆ: "ಅಯ್ಯೋ ಚೆಲುವಿ, ನಮ್ ತಿಪ್ಪೆ ಬುಡದಲ್ಲೂ ಕರ್ರಗೆ ಏನೋ ಕಾಣ್ತೈತಲ್ಲೇ! ಕುಲುಮೆ ಇಲ್ಲೇ ಇತ್ತೇನೋ ಕಣೇ. ಮೊದ್ಲು ಹೇಳಿದ ಜಾಗನೇ ಸರಿ ಇತ್ತೇನೋ. ದೊಡ್ಡೋರ ಹೆಬ್ಬೆಟ್ಟು ಸುಳ್ಳು ಹೇಳಲ್ಲ!"

ಅಳಿಯಂದಿರು ಎದ್ದು ಬಂದರು. ತಿಪ್ಪೆಯನ್ನು ನೋಡಲಿಲ್ಲ. ಕೋಳಿಗೂಡನ್ನು ನೋಡಿದರು. ಗಾಳಿಗೆ ಬರಿ ಶೀಟು ಪಟಪಟ ಹೊಡೆದುಕೊಳ್ಳುತ್ತಿತ್ತು. ಚೆಲುವಿಯ ಹತ್ತಿರ ಬಂದು, ಅವಳ ಹಣೆ ನೇವರಿಸಿ, ನನ್ನ ಕಡೆ ತಿರುಗದೆ, ಅವಳ ಕಿವಿಗೆ ಹೇಳಿದರು: "ಚೆಲುವಮ್ಮಾ, ಕೋಳಿಗೂಡಿನ ಶೀಟು ಹಾರಿ ಹೋಗ್ತಾ ಇದೆ ಅಂತ ಅತ್ತಮ್ಮಂಗೆ ಹೇಳು. ಅಲ್ಲಿರೋ ಕಲ್ಲು ಅಲ್ಲೇ ಇರಲಿ ಅನ್ನು. ಗುಂಡಿ ಎಷ್ಟು ಅಗಲ ಬೇಕು ಅಂತ ಮಾತ್ರ ಕೇಳು."

ನಾನು ಸೆರಗನ್ನು ಮೂಗಿನವರೆಗೂ ಎಳೆದುಕೊಂಡೆ. ಗುದ್ದಲಿ ತಂದು ಎಮ್ಮೆಯ ಮುಂದೆ ಇಟ್ಟು, "ಗಂಗಿದಕ್ಕಿಂತ ಒಂದು ಗೇಣು ಜಾಸ್ತಿ ಅನ್ನೇ" ಎಂದು ಹೇಳಿ, ಕೊನೆಯ ಕೋಳಿಯನ್ನು ಹಿಡಿಯಲು ಹೋದೆ.